ಪರದೆಯೊಳಗಿನ ಊಜಿ

ನಾಕನೇ ಜ್ವರದಿಂದ ರೇಷ್ಮಿ ಹುಳ ಎದ್ದ ಮುಂಜಾನಿ ನನ್ನ ಸೊಸಿ ಅಂಗೈಯಾಗ ಒಂದು ಹುಳ ಇಟ್ಕೊಂಡು ಬಂದಳು. ಕೈ ನನ್ನ ಕಣ್ಣಿನ ಮುಂದ ಹಿಡದಳು.

ಹುಳದ ಮೈಮ್ಯಾಲ ಒಂದು ಬಿಳಿ ಚುಕ್ಕಿ. ರವಾದ ಕಾಳಿಗಿಂತ ಸಣ್ಣದು. ಉಗುರಲೆ ಸರಿಸಿದೆ, ಸರೀಲಿಲ್ಲ. ಅಂಟಿಸಿದಂಗ ಕುಂತಿತ್ತು.

"ಸುಣ್ಣದ ಪುಡಿ ಇರಬೇಕು ಅತ್ತಿ," ಅಂದಳು. ರೇಷ್ಮಿ ಹುಳ ಬೆಳೆಯೋವಾಗ ನಾಕು ಸಲ ತಿನ್ನೋದು ಬಿಟ್ಟು, ತಲಿ ಎತ್ತಿಕೊಂಡು ಕುಂತು ತೊಗಲು ಬಿಡ್ತಾವ. ಅದಕ್ಕ ನಾವು ಜ್ವರ ಅಂತೀವಿ. ಜ್ವರದಾಗ ಇದ್ದ ಹುಳದ ಮ್ಯಾಲ ಸುಣ್ಣ ಉದುರಸ್ತೀವಿ, ಅದಕ್ಕ ಹಂಗಂದಳು. ಸುಣ್ಣ ಅಲ್ಲಂತ ಆಕಿಗೂ ಗೊತ್ತಿತ್ತು.

"ಸುಣ್ಣ ಉದರತೈತಿ. ಇದು ತತ್ತಿ," ಅಂದೆ. "ಊಜಿ ಬಂದೈತಿ."

ಊಜಿ ಅಂದ್ರ ಒಂದು ನೊಣ. ಬೂದಿ ಬಣ್ಣ, ಮನಿ ನೊಣಕ್ಕಿಂತ ದಪ್ಪ. ರೇಷ್ಮಿ ಹುಳದ ಮೈಮ್ಯಾಲ ತತ್ತಿ ಅಂಟಿಸಿ ಹೋಗತೈತಿ. ತತ್ತಿ ಒಡದ ಮರಿ ಹುಳದ ತೊಗಲು ಕೊರದು ಒಳಗ ಇಳೀತೈತಿ; ಇಳಿದಲ್ಲಿ ಕರಿ ಕಲಿ ಬೀಳತೈತಿ. ಒಳಗ ಕುಂತು ತಿಂತೈತಿ. ಹುಳ ಗೂಡು ಕಟ್ಟೋಕ ಮೊದಲ ಸಾಯ್ತೈತಿ. ಇಲ್ಲಂದ್ರ ಗೂಡು ಕಟ್ಟಿದ ಮ್ಯಾಲ ಊಜಿ ಮರಿ ಗೂಡು ತೂತು ಮಾಡಿಕೊಂಡು ಹೊರಗ ಬರತೈತಿ. ತೂತು ಬಿದ್ದ ಗೂಡಿನ ನೂಲು ಬಿಚ್ಚಾಕ ಬರೂದಿಲ್ಲ, ಯಾರೂ ಕೊಳ್ಳೂದಿಲ್ಲ.

ಹೋದ ಬೆಳಿ ಹಾಲುತೊಂಡೆ ರೋಗಕ್ಕ ಹೋಗಿತ್ತು. ಆವಾಗ ನನ್ನ ಮಗ ಅಂದಿದ್ದ: "ಯವ್ವ, ಇನ್ನೊಂದು ಬೆಳಿ ನೋಡ್ತೀನಿ. ಅದೂ ಹೋತಂದ್ರ ರೇಷ್ಮಿ ಗಿಡ ಕಿತ್ತಸ್ತೀನಿ. ಹುಳದ ಮನ್ಯಾಗ ನನ್ನ ಗಾಡಿ ನಿಲ್ಲಸ್ತೀನಿ." ಅವಂದು ಬಾಡಿಗಿ ಹೊಡಿಯೋ ಟಂಟಂ. ಮಳಿ ಬಿಸಿಲಾಗ ನಿಂತು ಬಣ್ಣ ಹೋಗತೈತಂತ ಅವನ ಗೋಳು. ಅವನ ಮಾತು ಸುಳ್ಳಲ್ಲ. ಆದರ ಆ ಹುಳದ ಮನಿ ಕಟ್ಟಿಸಿದಾಕಿ ನನ್ನ ಸೊಸಿ. ತವರಿನಾಗ ಕಲ್ತು ಬಂದ ಕೆಲಸ. ಅದು ಹೋತಂದ್ರ ಆಕಿ ಮತ್ತ ಮಂದಿ ಹೊಲಕ್ಕ ಕಳೆ ತಗ್ಯಾಕ ಹೋಗಬೇಕು. ನಾನೂ ಹೋಗಬೇಕು. ಈ ವಯಸ್ಸಿನಾಗ ನನ್ನ ಯಾರು ಕರೀತಾರ?

ಅವತ್ತು ಬೆಳಿಗ್ಗೆ ಇಬ್ಬರೂ ಕೂಡಿ ಹುಳ ಹಾಸಿದ ಅಟ್ಟಣಿಗಿ ಒಂದೊಂದ ನೋಡಿದ್ವಿ. ರೇಷ್ಮಿ ಗಿಡದ ತಪ್ಪಲ, ಅಂದ್ರ ಹುಳ ತಿನ್ನೋ ಹಿಪ್ಪನೇರಳಿ ಎಲಿ, ಸರಿಸಿ ಸರಿಸಿ, ಹುಳ ಹೊರಳಿಸಿ ಹೊರಳಿಸಿ. ಬಾಗಿಲ ಕಡೆ ಅಟ್ಟಣಿಗ್ಯಾಗ ಎಲ್ಲೋ ಒಂದೊಂದು. ಹಿಂದಿನ ಗ್ವಾಡಿ ಕಡೆ ಹೋದಂಗ ಜಾಸ್ತಿ. ಅದ್ಯಾಕ ಹಂಗಂತ ಆವಾಗ ತಲಿಗೆ ಹೊಳೀಲಿಲ್ಲ. ಹೊಳದಿದ್ರ ಈ ಕಥಿ ಅಲ್ಲೇ ಮುಗೀತಿತ್ತು.

ಪರದೆ ನೋಡಿದೆ. ಕಿಡಕಿಗೆ, ಬಾಗಿಲಿಗೆ, ಮುಂದಿನ ಪಡಸಾಲಿಗೆ ಬಿಗಿದ ನೈಲಾನ್ ಪರದೆ ನಾನ ಹೊಲಿದದ್ದು. ಬೆಳಕಿಗೆ ಹಿಡದು ಹೊಲಿಗಿ ಹೊಲಿಗಿ ತಡವಿದೆ. ಎಲ್ಲೂ ಹರದಿಲ್ಲ. ಆದರೂ ಒಳಗ ಒಂದು ನೊಣ ಪರದೆಗೆ ಬಡದು ಬಡದು ಬೀಳತಿತ್ತು. ಸೀರಿ ಸೆರಗಿಲೆ ಹಿಡದು ಕಡ್ಡಿಪೆಟ್ಟಿಗ್ಯಾಗ ಹಾಕಿದೆ.

"ಹೊರಗಿಂದ ಹೆಂಗ ಬಂತತ್ತಿ?"

"ಬಾಗಿಲ ತಗದಾಗ ಬಂದಿರಬೇಕು. ತಪ್ಪಲ ತರೋವಾಗ."

ಹೊರಗ ಅಂದ ಕೂಡಲೆ ಇಬ್ಬರ ಕಣ್ಣೂ ಒಂದ ಕಡೆ ಹೋದವು. ನಮ್ಮ ರೇಷ್ಮಿ ಗಿಡದ ಆಚಿ ತೊಗರಿ ಕೊಯ್ದ ಹೊಲದಾಗ ಕುಷ್ಟಗಿ ಕಡೆಯ ಕುರಿಯಾತ ಹಿಂಡು ತರುಬಿದ್ದ. ಕುರಿ ಕುಂತ ಹೊಲಕ್ಕ ಬ್ಯಾರೆ ಗೊಬ್ಬರ ಬೇಕಿಲ್ಲ, ನಾವ ಕರದು ಕುಂದ್ರಿಸಿದ್ವಿ. ಅವನ ಒಂದು ಟಗರಿಗೆ ಕೊಂಬಿನ ಬುಡದಾಗ ಗಾಯ ಆಗಿ ಹುಳ ಬಿದ್ದಿದ್ದವು. ಬೇವಿನ ಎಣ್ಣಿ ಹಾಕಿ ಕಡ್ಡೀಲೆ ತೆಗೀತಿದ್ದ. ಆ ಗಾಯದ ಸುತ್ತ ಬೂದಿ ಬಣ್ಣದ ನೊಣ, ಹಸರು ಮಿಂಚೋ ನೊಣ ಗುಂಯ್ ಅಂತಿದ್ದವು.

ಮಧ್ಯಾಹ್ನಕ್ಕ ಮ್ಯಾಲಿನ ಹೊಲದ ಯಜಮಾನ ಬಂದ. ನಮ್ಮ ತಳಕಲ್ ಸುತ್ತ ಹುಳ ಮೊದಲು ಬೆಳೆದಾತ ಅವನ. ಅವನ ಮಾತಿಗೆ ಎಲ್ಲರೂ ಹೂಂ ಅಂತಾರ. ಹುಳದ ಮನಿ ಮುಂದ ಬ್ಲೀಚಿಂಗ್ ನೀರಾಗ ಕಾಲು ತೊಳದು ಒಳಗ ಬಂದ, ಕಡ್ಡಿಪೆಟ್ಟಿಗಿ ತಗದು ನೋಡಿದ.

"ಯಮ್ಮಾ, ಇದರಾಗೇನೈತಿ ನೋಡೂದು. ಇದು ಆ ಟಗರಿನ ನೊಣ. ಕುರಿ ಗಾಯದಾಗ ಹುಳ ಹಾಕೂದೂ ಇದ, ನಮ್ಮ ಹುಳಕ್ಕ ತತ್ತಿ ಹಾಕೂದೂ ಇದ. ಹಿಂಡು ಇಲ್ಲಿಂದ ಎಬ್ಬಿಸು."

"ನಾನ ಕರದು ಕುಂದ್ರಿಸೇನಿ."

"ಕರದಾಕಿ ನೀನ ಕಳಸು. ಇವತ್ತು ನಿನಗ, ನಾಳೆ ನನಗ."

ನನಗೂ ಹಂಗ ಅನಿಸಿತ್ತು. ಎರಡೂ ಬೂದಿ ಬಣ್ಣ, ಎರಡರ ಬೆನ್ನ ಮ್ಯಾಲೂ ಕರಿ ಗೀಟು, ಎರಡೂ ಹುಳ ಹಾಕೋ ಜಾತಿ. ಹೋಗಿ ಹೇಳಿದೆ. ಕುರಿಯಾತ ಟಗರಿನ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದ.

"ಎರಡು ಕುರಿ ಈಯಾಕ ಬಂದಾವ ಯಮ್ಮಾ. ಎಲ್ಲಿ ನಡಸಲಿ?"

"ಹಳ್ಳದ ಆಚಿ ದಂಡಿಗೆ ಹೋಗು."

"ಗೊಬ್ಬರ ಬೇಕಾದಾಗ ನನ್ನ ಕುರಿ ಛಲೋ ಇದ್ದವು. ಈಗ ನೊಣ ಕಂಡವೇನು?"

"ನೊಣ ಕಂಡಾವ. ಏಳು."

ಎದ್ದ. ಕುರಿ ತರುಬೋ ಬಲೆ ಸುತ್ತಿ ಕತ್ತೆ ಮ್ಯಾಲ ಹೇರಿದ. ಬೈಲಿಲ್ಲ, ಹೊಳ್ಳಿ ನೋಡಲೂ ಇಲ್ಲ. ಬೈದಿದ್ರ ನನಗ ಛಲೋ ಇತ್ತು.

ಮರುದಿನ ಮುಂಜಾನಿ ಹುಳ ನೋಡಿದ್ವಿ. ಬಿಳಿ ಚುಕ್ಕಿ ಕಡಿಮಿ ಆಗಬೇಕಿತ್ತು. ದುಪ್ಪಟ್ಟಾಗಿದ್ದವು. ನಿನ್ನೆಯ ಹುಳದ ಮ್ಯಾಲ ಕರಿ ಕಲಿ ಏಳಾಕ ಹತ್ತಿತ್ತು. ಸೊಸಿ ಅಟ್ಟಣಿಗಿ ಹಿಡಕೊಂಡು ನಿಂತಳು. ಆಕಿ ಅಳೋ ಪೈಕಿ ಅಲ್ಲ. ಕಲಿ ಬಿದ್ದ ಹುಳ ಎಣಸಾಕ ಹತ್ತಿದಳು.

"ಮಗ ಎಲ್ಲಿ ಅದಾನ?" ಅಂದೆ.

"ಗಂಗಾವತಿಗೆ ಭತ್ತದ ಬಾಡಿಗಿ. ನಾಡಿದ್ದು ಬರ್ತಾರ. ಬಂದು ನೋಡಿದ್ರ ಮುಗೀತತ್ತಿ."

ಅಷ್ಟೊತ್ತಿಗೆ ಹೊರಗ ಯಾರೋ ಕೂಗಿದರು. "ಅಜ್ಜೀ, ಕುರಿಗಳು ಎಲ್ಲಿ ಹೋದವು?"

ನೊಣದ ಮೇಡಂ. ಈಕಿದು ಬ್ಯಾರೆ ಕಥಿ. ಮೈಸೂರು ಕಡೆಯಾಕಿ, ಯಾವುದೋ ದೊಡ್ಡ ಸಾಲಿಯಾಗ ನೊಣದ ಮ್ಯಾಲ ಓದತಾಳ. ಕೊಪ್ಪಳದಾಗ ಖೋಲಿ ಮಾಡ್ಕೊಂಡು, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಅಂತ ಸ್ಕೂಟರ್ ಮ್ಯಾಲ ತಿರುಗಿ ಯಾವ ಊರಾಗ ಯಾವ ನೊಣ ಐತಿ ಅಂತ ಹಿಡಕೊಂಡು ಬರತಿದ್ದಳು. ಕೊಳತ ಮೀನು ಹಾಕಿದ ಬಾಟಲಿ ಗಿಡಕ್ಕ ಕಟ್ಟತಿದ್ದಳು. ಕುರಿ ಹಟ್ಟಿ ಹತ್ತಿರ ಜಾಲಿ ಗಿಡಕ್ಕೂ ಒಂದು ಕಟ್ಟಿದ್ದಳು. ಮೊದಲ ಸಲ ಬಂದಾಗ ನಾನ ಕೇಳಿದ್ದೆ, "ನೊಣ ಹಿಡಿಯಾಕ ಪಗಾರ ಕೊಡ್ತಾರೇನಬೇ? ಹಂಗಿದ್ರ ನಮ್ಮ ಮನ್ಯಾಗ ಭಾಳ ಅದಾವ, ಒಯ್ಯಿ." ನಕ್ಕಿದ್ದಳು. ಹುಳದ ಮನಿ ನೋಡ್ತೀನಿ ಅಂದಾಗ ಮಾತ್ರ ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಹೊರಗಿನವರನ್ನ ನಾವು ಹುಳದ ಮನಿಯೊಳಗ ಬಿಡೂದಿಲ್ಲ. ಅದರಾಗೂ ಕೊಳತ ಮೀನು ಮುಟ್ಟಿದ ಕೈ.

ಅವತ್ತು ನಾನ ಕರದೆ. "ಕೈಕಾಲು ತೊಳದು ಒಳಗ ಬಾ."

"ಅಜ್ಜಿ, ನಿಜವಾಗ್ಲೂ?"

"ಸುಮ್ಮನ ತೊಳಿ."

ಕಡ್ಡಿಪೆಟ್ಟಿಗ್ಯಾಗಿನ ನೊಣ ಕೊಟ್ಟೆ. ಕಿಡಕಿ ಹತ್ತಿರ ಹೋಗಿ ಕಣ್ಣಿಗೆ ಸಣ್ಣ ಭೂತಗನ್ನಡಿ ಹಚ್ಚಿ ನೋಡಿದಳು. ಆಮ್ಯಾಲ ಚೀಲದಿಂದ ಇನ್ನೊಂದು ಬಾಟಲಿ ತಗದಳು, ಅದು ಕುರಿ ಹಟ್ಟಿಯಾಗ ಹಿಡದ ನೊಣ. ಎರಡನ್ನೂ ಬಿಳಿ ಕಾಗದದ ಮ್ಯಾಲ ಇಟ್ಟು ಕನ್ನಡಿ ನನ್ನ ಕೈಗೆ ಕೊಟ್ಟಳು.

"ಬೆನ್ನ ಮೇಲೆ ಎಷ್ಟು ಗೆರೆ ಇದೆ ನೋಡಿ."

ನನ್ನ ಕಣ್ಣಿಗೆ ಪೊರಿ ಬಂದೈತಿ. ಸೊಸಿ ನೋಡಿದಳು. "ಇದಕ್ಕ ಮೂರು. ನಮ್ಮ ಮನ್ಯಾಗಿಂದಕ್ಕ ನಾಕು."

"ಮೂರು ಗೆರೆ ಇರೋದು ಮಾಂಸದ ನೊಣ. ನಾಕು ಇರೋದು ಊಜಿ. ಎರಡೂ ಬೇರೆ ಬೇರೆ ಕುಲ."

ನಾಕು ಗೀಟು ಮೂರು ಗೀಟು ನನಗ ನಂಬಿಕಿ ಬರಲಿಲ್ಲ. ಹೋರಿಗೂ ಒಂದಕ್ಕ ಪಟ್ಟಿ ಇರತೈತಿ, ಒಂದಕ್ಕ ಇರೂದಿಲ್ಲ. ಅಷ್ಟಕ್ಕ ಬ್ಯಾರೆ ಜಾತಿ ಆಗ್ತಾವೇನು? ಹಂಗ ಅಂದೆ. ಆಕಿ ಸಿಟ್ಟಾಗಲಿಲ್ಲ. ಮೀನಿನ ಬಾಟಲಿಯಾಗ ಜೀವ ಇದ್ದ ಒಂದು ದಪ್ಪ ಮಾಂಸದ ನೊಣ ಚಿಮಟಿಗಿಲೆ ಹಿಡದಳು. ಕಾಗದದ ಮ್ಯಾಲ ಇಟ್ಟು ಹೊಟ್ಟಿ ಮೆಲ್ಲಕ ಒತ್ತಿದಳು.

ಬಾಲದ ಕಡಿಂದ ಮರಿ ಬಂದವು. ತತ್ತಿ ಅಲ್ಲ, ಮರಿ. ಬಿಳಿ ಎಳಿಯಂಥಾವು, ಬಿದ್ದ ಕೂಡಲೆ ಮಿಸುಕಾಡಿದವು.

"ಯವ್ವಾ, ಇದು ಈಯತೈತಿ!" ಅಂದೆ.

"ಹೌದು ಅಜ್ಜಿ. ಇದು ಹೊಟ್ಟೆಯಲ್ಲೇ ತತ್ತಿ ಒಡೆಸಿ ಮರಿ ಹಾಕುತ್ತೆ. ನಿಮ್ಮ ಹುಳದ ಮೇಲೆ ಇರೋದು ಏನು?"

"ತತ್ತಿ."

"ಹಾಗಾದರೆ?"

ಕುರಿ ಈಯತೈತಿ, ಕೋಳಿ ತತ್ತಿ ಇಡತೈತಿ. ಅದು ಇದಾಗೂದಿಲ್ಲ, ಇದು ಅದಾಗೂದಿಲ್ಲ. ಅಷ್ಟು ತಿಳಿಯಾಕ ನನಗ ಕನ್ನಡಿ ಬೇಕಿರಲಿಲ್ಲ. ಕುರಿಯಾತನ್ನ ಸುಮ್ಮಸುಮ್ಮನ ಎಬ್ಬಿಸಿದ್ದೆ. ಅದಕ್ಕಿಂತ ಕೆಟ್ಟದ್ದಂದ್ರ, ಒಂದು ಇಡೀ ದಿನ ಹೋಗಿತ್ತು. ಹುಳ ಹಣ್ಣಾಗಿ ಗೂಡು ಕಟ್ಟಾಕ ಐದಾರು ದಿನ ಅಷ್ಟ ಉಳದಿತ್ತು.

ಆಕಿ ತನ್ನ ಪೆಟ್ಟಿಗಿ ತಗದು ತೋರಿಸಿದಳು. ನೊಣಕ್ಕ ಸೂಜಿ ಚುಚ್ಚಿ ಸಾಲಾಗಿ ನಿಲ್ಲಿಸಿದ್ದಳು. ಒಂದೊಂದರ ಕೆಳಗೂ ಉಗುರಿನಷ್ಟು ಚೀಟಿ, ಅದರಾಗ ಊರ ಹೆಸರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಹ-ನು-ಮ-ನ-ಹ-ಳ್ಳಿ. ಹುಲಿಹೈದರ. "ಹನುಮನಹಳ್ಳಿಯಲ್ಲಿ ಬೆಟ್ಟಕ್ಕೆ ಬಂದವರು ಉಂಡು ಎಸೆದ ಎಲೆ ಮೇಲೆ ಹಿಡಿದೆ. ಹುಲಿಹೈದರದಲ್ಲಿ ಇದೇ ಕುರಿ ಹಿಂಡಿನ ಮೇಲೆ ಹಿಡಿದೆ, ಈ ಕಡೆ ಬರೋ ಮುಂಚೆ. ಅಲ್ಲೆಲ್ಲ ಮೂರು ಗೆರೆಯದೇ. ಊಜಿ ಒಂದೂ ಇಲ್ಲ. ಊಜಿ ಸಿಕ್ಕಿದ್ದು ಹುಳ ಸಾಕೋ ಊರಲ್ಲಿ ಮಾತ್ರ. ಅದು ಕುರಿ ಹಿಂದೆ ಬರೋದಲ್ಲ ಅಜ್ಜಿ. ಹುಳದ ಹಿಂದೆ ಬರೋದು."

"ನಮ್ಮ ಹುಳ ಎಲ್ಲಿ ಹೋಗ್ಯಾವ? ಇಲ್ಲೇ ಅದಾವಲ್ಲ."

ಆಕಿ ಗೊತ್ತಿಲ್ಲ ಅಂದಳು. ಗೊತ್ತಿಲ್ಲ ಅನ್ನೋ ಮಂದಿ ಕಡಿಮಿ.

ಊಜಿ ಗುಳಿಗಿ ಅಂತ ಬರತಾವ, ನೀರಾಗ ಕರಗಿಸಿ ಬಿಳಿ ತಾಟಿನಾಗ ಇಟ್ರ ವಾಸನಿಗೆ ನೊಣ ಬಂದು ಬಿದ್ದು ಸಾಯ್ತಾವ. ಮಂದಿ ಅದನ್ನ ಕಿಡಕಿ ಹೊರಗ ಇಡ್ತಾರ. ಮೇಡಂ ಹೊರಗೂ ಇಡ್ರಿ, ಒಳಗೂ ಇಡ್ರಿ ಅಂದಳು. ಇಟ್ಟು, ಬಾಗಿಲ ಹಾಕಿ, ಪಡಸಾಲ್ಯಾಗ ಕುಂತ್ವಿ. ಕಾಯೋದ ಕೆಲಸ. ಸೊಸಿ ನಡುನಡುವ ಎದ್ದು ತಪ್ಪಲ ಹಾಕಿ ಬರತಿದ್ದಳು. ಹುಳ ತಪ್ಪಲ ತಿನ್ನೋ ಸಪ್ಪಳ ಮಳಿ ಹನಿ ಬಿದ್ದಂಗ ಕೇಳತೈತಿ. ಬ್ಯಾರೆ ಟೈಮಿಗೆ ಅದು ಕೇಳಾಕ ಛಲೋ. ಅವತ್ತು ಕೇಳಿದಾಗೆಲ್ಲ ಒಂದ ವಿಚಾರ: ಇದರಾಗ ಎಷ್ಟು ಊಜಿ ಮರಿಗೆ ಉಣಸಾಕ ಹತ್ತೀವಿ ಅಂತ.

ಮೇಡಂ ಸುಮ್ಮನ ಕುಂದ್ರದ ಒಂದು ಸತ್ತ ಮಾಂಸದ ನೊಣದ ಹಿಂಭಾಗ ಸೂಜಿ ತುದೀಲೆ ಹೊರಗ ಎಳೀತಿದ್ದಳು.

"ಅದೇನಬೇ ಮಾಡಾಕತ್ತಿ?"

"ಮಾಂಸದ ನೊಣದಲ್ಲೇ ಬಹಳ ಜಾತಿ ಅಜ್ಜಿ. ಹೊರಗಿಂದ ಎಲ್ಲ ಒಂದೇ ಥರ. ಗಂಡು ನೊಣದ ಆ ಭಾಗ ನೋಡಿದರೆ ಮಾತ್ರ ಯಾವ ಜಾತಿ ಅಂತ ಗೊತ್ತಾಗೋದು."

"ಗಂಡಸರದು ಅಷ್ಟ ಬಿಡು," ಅಂದೆ.

ಸೊಸಿ ಸೆರಗು ಬಾಯಿಗೆ ಇಟ್ಕೊಂಡಳು. ಎರಡು ದಿನದಾಗ ಆಕಿ ನಕ್ಕಿದ್ದು ಅದ ಮೊದಲು.

ಹೊತ್ತು ಮುಳುಗೋಕ ಮೊದಲ ತಾಟು ನೋಡಿದ್ವಿ. ಹೊರಗಿನ ತಾಟಿನಾಗ ಒಂದು ಇರುವಿ, ಎರಡು ಗುಂಗಾಡು. ಒಳಗಿನ ತಾಟಿನಾಗ ಬೂದಿ ಬಣ್ಣದ ನೊಣ ಬೆನ್ನಡಿ ಬಿದ್ದು ತೇಲತಿದ್ದವು. ಹಿಂದಿನ ಗ್ವಾಡಿ ಕಡಿ ಇಟ್ಟ ತಾಟಿನಾಗ ಎಲ್ಲಕ್ಕಿಂತ ಜಾಸ್ತಿ.

ಹೊರಗಿಂದ ಬರೂದಲ್ಲ. ಒಳಗ ಹುಟ್ಟಾಕ ಹತ್ತಾವ. ನೊಣ ಒಳಗ ಬರಬಾರದಂತ ನಾನು ಹೊಲಿದ ಪರದೆ ನೊಣ ಹೊರಗ ಹೋಗದಂಗ ಕಾಯಾಕ ಹತ್ತಿತ್ತು.

"ನೆಲದ ಬಿರುಕು ನೋಡಿ," ಅಂದಳು ಮೇಡಂ. "ಮರಿ ಬೆಳೆದ ಮೇಲೆ ಸಂದಿ ಹುಡುಕಿ ಹೋಗಿ ಕಂದು ಬಣ್ಣದ ಕೋಶ ಆಗುತ್ತೆ. ಅದರಿಂದ ನೊಣ ಬರೋದು."

ನೆಲ ಸಿಮೆಂಟಿಂದು, ಬಿರುಕಿಲ್ಲ. ಗ್ವಾಡಿ ಸಂದಿ ಕಡ್ಡೀಲೆ ಕೆದರಿದ್ವಿ. ಅಟ್ಟಣಿಗಿ ಕಾಲು ಎತ್ತಿ ನೋಡಿದ್ವಿ. ಏನಿಲ್ಲ. ಹಿಂದಿನ ಗ್ವಾಡಿಗೆ ಬಂದ್ವಿ. ಅಲ್ಲಿ ಚಂದ್ರಿಕಿ ಒರಗಿಸಿ ಇಟ್ಟಿದ್ವಿ.

ಚಂದ್ರಿಕಿ ಅಂದ್ರ ಬಿದಿರಿನ ಚಾಪಿ, ಅದರ ಮ್ಯಾಲ ಬಿದಿರಿನ ಪಟ್ಟಿ ಸುತ್ತುಸುತ್ತಾಗಿ ನಿಲ್ಲಿಸಿರ್ತಾರ. ಹಣ್ಣಾದ ಹುಳ ತಂದು ಬಿಟ್ರ ಆ ಸುತ್ತಿನ ಸಂದ್ಯಾಗ ಗೂಡು ಕಟ್ತಾವ. ಎಲ್ಲರ ಮನ್ಯಾಗ ಸಾಕಷ್ಟು ಚಂದ್ರಿಕಿ ಇರೂದಿಲ್ಲ. ಒಬ್ಬರ ಬೆಳಿ ಮುಗೀತಿದ್ದಂಗ ಇನ್ನೊಬ್ಬರಿಗೆ ಹೋಗತಾವ. ಕೊಡೋರು ಗೂಡು ಬಿಡಿಸಿಕೊಂಡ ಮ್ಯಾಲ ಪೂರ್ತಿ ಸ್ವಚ್ಛ ಮಾಡೂದಿಲ್ಲ. ತಮ್ಮ ಬೆಳಿಯ ನೂಲು ಒಂದೀಟು ಉಳಿಸಿ ಕೊಡತಾರ. ಬೋಳು ಚಂದ್ರಿಕಿ ಕೊಟ್ರ ನಿನಗ ಬೆಳಿ ಬರದಿರಲಿ ಅಂದಂಗ. ಇಸಕೊಂಡವರೂ ತಮ್ಮ ಹುಳ ಬಿಡೂತನಕ ಆ ನೂಲು ತೆಗೆಯೂದಿಲ್ಲ. ನಾನು ಈ ಪದ್ಧತಿ ತಪ್ಪಿಸಿದಾಕಿ ಅಲ್ಲ. ಯಾರೂ ಅಲ್ಲ.

ಆ ಚಂದ್ರಿಕಿ ಮ್ಯಾಲಿನ ಹೊಲದ ಯಜಮಾನಂದು. ನಮ್ಮ ಮರಿ ಹುಳ ಮನಿಗೆ ಬಂದ ವಾರದಾಗ ಅವನ ಬೆಳಿ ಮುಗಿದಿತ್ತು, ಬ್ಯಾರೆಯವರು ಒಯ್ಯೋಕ ಮೊದಲ ನಾವು ತಂದಿಟ್ಕೊಂಡಿದ್ವಿ. ಬಿಸಿಲಿಗೆ ಬಿದಿರು ಸೀಳತೈತಂತ ಪರದೆ ಒಳಗ ಇಟ್ಟಿದ್ವಿ. ಈ ಸಲ ನೂಲು ದಪ್ಪಗ ಉಳಿಸಿದ್ದ, ಹತ್ತಿಯಂಗ. ಸೊಸಿ ಖುಷಿ ಪಟ್ಟಿದ್ದಳು.

ಈಗ ಆಕಿನ ಬೆರಳಿಲೆ ಆ ನೂಲು ಹಿಂಜಿದಳು. ಕೆಳಗ ಬಿದಿರು ಪಟ್ಟಿ ಸಂದ್ಯಾಗ ಕಂದು ಕಾಳು. ಜೋಳದ ಕಾಳಿಗಿಂತ ಉದ್ದ, ಹುಣಸಿ ಬೀಜದ ಬಣ್ಣ. ಒಂದಲ್ಲ, ಸಾಲಾಗಿ ಕುಂತಿದ್ದವು. ಅರ್ಧಕ್ಕರ್ಧ ತುದಿ ಒಡದು ಖಾಲಿ. ಇನ್ನ ಅರ್ಧ ತುಂಬಿದ್ದವು. ನಾವು ನೋಡ್ತಿದ್ದಂಗ ಒಂದರ ತುದಿ ಟೊಪಿಗಿಯಂಗ ಬಿಚ್ಚಿ ತಲಿ ಹೊರಗ ಬಂತು.

ಸೊಸಿ ಕೈ ಹಿಂದಕ ಎಳಕೊಂಡಳು. "ಅವರ ಬೆಳಿಗೇ ಊಜಿ ಇತ್ತತ್ತಿ. ಹೇಳಲಿಲ್ಲ."

"ಅವಂಗೂ ಗೊತ್ತಿತ್ತೋ ಇಲ್ಲೋ. ಗೂಡು ಬಿಡಿಸೂದು ತಡ ಮಾಡಿದ್ದ, ಅಷ್ಟು ನೆನಪೈತಿ."

"ಈಗೇನು ಮಾಡೂದು?"

ಮೇಡಂ ಹೇಳಿದಳು: ಒಂದೊಂದ ಕೋಶ ಕಿತ್ತು ತಗೀಬಹುದು, ಆದರ ಸಂದಿ ಭಾಳ, ಉಳಕೊಂಡಾವು. ಬಿಸಿನೀರು ಹಾಕಬಹುದು, ಚಂದ್ರಿಕಿ ದೊಡ್ಡವು, ಮುಳುಗಿಸಾಕ ಹಂಡೆ ಎಲ್ಲಿ? "ಏನು ಮಾಡ್ತೀರೋ ನೀವೇ ನೋಡಿ ಅಜ್ಜಿ. ನಾಳೆ ಬೆಳಿಗ್ಗೆ ಇನ್ನೊಂದಷ್ಟು ನೊಣ ಹೊರಗೆ ಬರುತ್ತೆ. ಇವು ಹೆಚ್ಚಾಗಿ ಬೆಳಿಗ್ಗೆನೇ ಬರೋದು."

"ಸುಡೂದು," ಅಂದೆ.

ಸೊಸಿ ನನ್ನ ಮಾರಿ ನೋಡಿದಳು. "ಅವು ನಮ್ಮವಲ್ಲ."

"ನೊಣನೂ ನಮ್ಮವಲ್ಲ."

"ಹುಳ ಎಲ್ಲಿ ಕಟ್ಟಿಸೂದು? ಬ್ಯಾರೆ ಚಂದ್ರಿಕಿ ಯಾರ ಹತ್ತಿರನೂ ಇಲ್ಲ. ಇದ್ರೂ ಯಜಮಾನ್ರ ಚಂದ್ರಿಕಿ ಸುಟ್ಟವರಿಗೆ ಯಾರು ಕೊಡ್ತಾರ?"

ಆಕಿ ಕೇಳಿದ್ದು ಖರೆ. ನಾನು ಬಾಗಿಲಾಚಿ ನೋಡಿದೆ. ಬದುವಿನ ಮ್ಯಾಲ ತೊಗರಿ ಕಟಿಗಿ ಒಟ್ಟಿದ್ವಿ, ಒಲಿಗೆ ಅಂತ. "ಚಂದ್ರಿಕಿ ಇಲ್ಲದಾಗ ಮಂದಿ ಕಡ್ಡಿ ಮ್ಯಾಲ ಕಟ್ಟಿಸತಿದ್ದರು. ತೊಗರಿ ಕಟಿಗಿ ತೊಳದು ಒಣಗಿಸು."

"ಕಟ್ಟಲಿಲ್ಲಂದ್ರ?"

"ಕಟ್ಟಲಿಲ್ಲಂದ್ರ ನಿನ್ನ ಗಂಡನ ಗಾಡಿಗೆ ಜಾಗ ಆತು."

ಹಂಗ ಅನ್ನಬಾರದಿತ್ತು. ಆದರ ಆಕಿ ಅದನ್ನ ಕೇಳಿ ಸೆಟೆದು ನಿಂತಳು. ಹೋಗಿ ಹಸಿ ಗೋಣಿ ತಂದಳು.

ಮರುದಿನ ಚಳಿ ಬಿಡೋಕ ಮೊದಲ ಎದ್ವಿ. ತಂಪಿನಾಗ ನೊಣ ಮಬ್ಬಾಗಿರತಾವ. ಒಂದೊಂದ ಚಂದ್ರಿಕಿಗೂ ಹಸಿ ಗೋಣಿ ಸುತ್ತಿ, ಪಡಸಾಲಿ ಪರದೆ ಹಾಕಿದ ಮ್ಯಾಲ ಹೊರಗಿನ ಪರದೆ ತಗದು, ಹೊತ್ತು ಒಯ್ದು ಗುಂಡ್ಯಾಗ ಇಟ್ವಿ. ಮೇಡಂ ಹೇಳಿದ್ದಕ್ಕ ಒಂದು ಮುಟಿಗಿ ಕೋಶ ಮಾತ್ರ ಬಾಟಲ್ಯಾಗ ತಗದಿಟ್ವಿ. ಸೀಮಿಎಣ್ಣಿ ಹಾಕಿ ಕಡ್ಡಿ ಗೀರಿದೆ. ಬಿದಿರು ಪಟಪಟ ಸಿಡೀತು. ನೂಲು ಸುಟ್ಟು ಕೂದಲು ಸುಟ್ಟ ವಾಸನಿ ಎದ್ದಿತು.

ಹೊಗಿ ನೋಡಿ ಯಜಮಾನ ಓಡಿ ಬಂದ. ಕಾಲಾಗ ಚಪ್ಪಲಿ ಇರಲಿಲ್ಲ.

"ಯಮ್ಮಾ, ತಲಿ ಕೆಟ್ಟೈತೇನು? ನನ್ನ ಚಂದ್ರಿಕಿ!"

"ನಿನ್ನ ಚಂದ್ರಿಕಿ, ನಿನ್ನ ಊಜಿ. ಬೂದಿ ಬೇಕಾದ್ರ ಒಯ್ಯಿ."

"ಯಾರು ಹೇಳಿದ್ರು? ಈ ನೊಣದಾಕೀನಾ? ಕುರಿ ನೊಣ ಅಂತ ನಾನು ಹೇಳೇನಿಲ್ಲ?"

ನಾನು ಬಾಟಲಿ ಅವನ ಮುಂದ ಹಿಡದೆ. ಸೂರ್ಯ ಏರಿದ್ದ. ಬಾಟಲ್ಯಾಗ ಎರಡು ಕೋಶ ಒಡದು ನೊಣ ಹೊರಗ ಬಂದು ರೆಕ್ಕಿ ಒಣಗಿಸಿಕೋತ ಕುಂತಿದ್ದವು. "ಕುರಿ ಇದರಾಗ ಹೆಂಗ ಬಂತು? ನೀನ ಹೇಳು."

ಅವ ಬಾಟಲಿ ಇಸಕೊಂಡು ತಿರುಗಿಸಿ ನೋಡಿದ. ಹೊತ್ತು ಹಿಡೀತು. ಆಮ್ಯಾಲ ದನಿ ಇಳದಿತ್ತು. "ಕೊನಿಗೆ ಒಂದಿಷ್ಟು ಗೂಡು ತೂತು ಬಿದ್ದಿದ್ದವು. ಭಾಳ ಇರಲಿಲ್ಲ. ನೂಲು ಉಳಿಸಿದ್ದು ನಿಮ್ಮ ಛಲೋಕ್ಕ ಯಮ್ಮಾ."

"ಛಲೋಕ್ಕ ಕೊಟ್ಟಿ. ಗೊತ್ತು. ಮತ್ಯಾರಿಗೆ ಕೊಟ್ಟಿ?"

ಆ ಮಾತಿಗೆ ಅವನ ಮಾರಿ ಬದಲಾತು. ಇನ್ನೂ ಎರಡು ಮನಿಗೆ ಕೊಟ್ಟಿದ್ದ. ಬೆಂಕಿ ಕಡೆ ಒಮ್ಮೆ ನೋಡಿ, ಹಂಗ ಬರಿಗಾಲಿಲೆ ಆ ಮನಿಗಳ ಕಡೆ ಓಡಿದ. ಅಲ್ಲಿ ಏನು ಹೇಳಿದ್ನೋ, ಏನು ಕೇಳಿದ್ನೋ. ಮಧ್ಯಾಹ್ನಕ್ಕ ಆ ಕಡೆಯಿಂದಲೂ ಹೊಗಿ ಎದ್ದಿತು. ಅಷ್ಟರ ಮಟ್ಟಿಗೆ ಅವ ಮನುಷ್ಯ.

ಆಮ್ಯಾಲ ಹುಳ ಆರಿಸೂ ಕೆಲಸ. ಮುಂಜಾನಿ, ಮಧ್ಯಾಹ್ನ, ಸಂಜಿಕ, ತಪ್ಪಲ ಹಾಕೋಕ ಮೊದಲ ಚುಕ್ಕಿ ಇದ್ದ ಹುಳ, ಕಲಿ ಬಿದ್ದ ಹುಳ ಆರಿಸಿ ಸಾಬೂನು ನೀರಿನ ಬಕೀಟಿಗೆ ಹಾಕಿದ್ವಿ. ಚುಕ್ಕಿ ನನ್ನ ಕಣ್ಣಿಗೆ ಸರಿಯಾಗಿ ಕಾಣತಿರಲಿಲ್ಲ, ಬೆರಳಿಗೆ ತಿಳೀತಿತ್ತು. ಕಲಿ ಸೊಸಿ ನೋಡತಿದ್ದಳು. ಬೆರಳು ಗಾತ್ರ ಬೆಳೆದ ಹುಳ, ಇನ್ನೇನು ನೂಲು ಕೊಡೂವು, ಬಕೀಟು ತುಂಬಿ ಚೆಲ್ಲಿದ್ವಿ. ಒಂದು ಸಲ ಸೊಸಿ ಕಲಿ ಬಿದ್ದ ಹುಳ ಕೈಯಾಗ ಹಿಡದು ನಿಂತಳು. "ಇದು ಗೂಡು ಕಟ್ಟೀತು ಅತ್ತಿ." "ಕಟ್ಟೀತು. ತೂತು ಬಿದ್ದೀತು. ಹಾಕು," ಅಂದೆ. ಹಾಕಿದಳು.

ಮಗ ಬಂದಾಗ ಅಟ್ಟಣಿಗಿ ಅರ್ಧ ಖಾಲಿ ಇದ್ದವು. ಬಾಗಿಲಾಗ ನಿಂತು ನೋಡಿದ.

"ಹೋತೇನಬೇ?"

"ಅರ್ಧಾ ಹೋತು. ಕಾಲು ತೊಳಕೊಂಡು ಒಳಗ ಬಾ, ಇಲ್ಲಂದ್ರ ಹೊರಗ ನಿಂದ್ರು."

ಹೊರಗ ನಿಂತ. ಹುಳದ ಮನಿ ಅಗಲ ಹೆಜ್ಜಿ ಹಾಕಿ ಅಳೆದ. ಸೊಸಿ ಅದನ್ನ ಕಿಡಕಿಯಿಂದ ನೋಡಿದಳು. ನಾನೂ ನೋಡಿದೆ.

ಹುಳ ಹಣ್ಣಾದ ದಿನ ತಿಳೀತೈತಿ. ಮೈ ಜೇನಿನ ಬಣ್ಣ ಆಗಿ, ತಪ್ಪಲ ಬಿಟ್ಟು, ತಲಿ ಎತ್ತಿ ಗಾಳ್ಯಾಗ ಆಡಸ್ತಾವ. ಎಲ್ಲಾ ಒಮ್ಮೆಲೇ ಏಳತಾವ. ಆವಾಗ ಕೈ ಸಾಲೂದಿಲ್ಲ, ಅಕ್ಕಪಕ್ಕದವರು ಕರೀದನ ಬಂದು ಹುಳ ಆರಿಸಿ ಕೊಡೂದು ಪದ್ಧತಿ. ಈ ಸಲ ಯಾರೂ ಬರಲಿಕ್ಕಿಲ್ಲ ಅಂತ ನಾನು ತಿಳದಿದ್ದೆ. ಯಜಮಾನನ ಹೆಂಡತಿ ಬಂದಳು. ಸೀರಿ ಕಚ್ಚಿ ಸಿಗಿಸಿ ಹುಳ ಆರಿಸಾಕ ಕುಂತಳು. ಮೇಡಂನ್ನೂ ಕುಂದ್ರಿಸಿದೆ. ಆಕಿ ಹುಳ ಮುಟ್ಟಿದ್ದು ಮೊದಲ ಸಲ ಅಂತ. ಸತ್ತ ನೊಣದ ಹಿಂಭಾಗ ಎಳಿಯಾಕಿ ಜೀವ ಇದ್ದ ಹುಳಕ್ಕ ಹೆದರಿದಳು.

ಬಿಳಿ ಅರಿವಿ ಮ್ಯಾಲ ತೊಗರಿ ಕಟಿಗಿ ಹರವಿ, ಹುಳ ಬಿಟ್ವಿ. ಮೊದಲು ಕೆಳಗ ಬಿದ್ದವು. ಎತ್ತಿ ಬಿಟ್ವಿ, ಮತ್ತ ಬಿದ್ದವು. ಸೊಸಿ ಕಟಿಗಿ ಒತ್ತೊತ್ತಾಗಿ ಕವಲು ಕೂಡಿಸಿ ಕಟ್ಟಿದಳು. ಹೊತ್ತಿಳಿದಾಗ ಒಂದು ಹುಳ ಕವಲಿನಾಗ ಕುಂತು ತಲಿ ಆ ಕಡೆ ಈ ಕಡೆ ಆಡಿಸಿ ಎಳಿ ಹಾಕಿತು. ಆಮ್ಯಾಲ ಅದರ ಪಕ್ಕದ್ದು.

ಗೂಡಾದವು. ಕಡ್ಡಿ ಅಚ್ಚು ಒತ್ತಿ ಸೊಟ್ಟ ಆದವು ಭಾಳ ಇದ್ದವು. ನಮ್ಮ ಕಣ್ಣು ತಪ್ಪಿಸಿ ಉಳದ ಊಜಿಯೂ ಇದ್ದವು: ಗೂಡು ತೂತು ಮಾಡಿ ಮರಿ ಕೆಳಗಿನ ಬಿಳಿ ಅರಿವಿ ಮ್ಯಾಲ ಬಿದ್ದಾಗ ಕಾಣತಿದ್ದವು. ಅವನ್ನೂ ಬಕೀಟಿಗೆ ಹಾಕಿದ್ವಿ, ಒಂದನ್ನೂ ಸಂದಿ ಸೇರಾಕ ಬಿಡಲಿಲ್ಲ. ತೂತಿನ ಗೂಡು ಬ್ಯಾರೆ ಮಾಡಿ ಸುಟ್ವಿ. ಉಳದದ್ದು ಪ್ಯಾಟಿಗೆ ಹೋತು.

ಗೂಡು ಒಯ್ದಾತ ನನ್ನ ಮಗನ. ಸಂಜಿಕ ಟಂಟಂ ಸಪ್ಪಳ ಕೇಳಿ ಹೊರಗ ಬಂದೆ. ಹಿಂದ ಮಡಚಿ ಕಟ್ಟಿದ ಪ್ಲಾಸ್ಟಿಕ್ ಚಂದ್ರಿಕಿ ಹೇರಿಕೊಂಡು ಬಂದಿದ್ದ. ಗಾಡಿಯನ್ನ ಬೇವಿನ ಗಿಡದ ಕೆಳಗ ನಿಲ್ಲಿಸಿದ. ಮ್ಯಾಲ ಒಂದು ತಾಡಪಾಲ ಹೊದಿಸಿ ಹಗ್ಗ ಬಿಗಿದ. ಸೊಸಿ ಚಂದ್ರಿಕಿ ಇಳಿಸಿಕೊಂಡು ಒಳಗ ಒಯ್ದಳು.

ಮೇಡಂ ಬಾಟಲ್ಯಾಗ ಇಟ್ಟ ಕೋಶದಾಗ ಕೆಲವು ಒಡದಾಗ ನೊಣ ಬರಲಿಲ್ಲಂತ, ಇರುವಿಯಷ್ಟು ಸಣ್ಣ ಕಣಜ ಬಂದವಂತ. ಅವು ಊಜಿಯನ್ನ ತಿನ್ನೂವು. "ಕೋಶಗಳನ್ನ ನೊಣ ದಾಟಲಾರದ ಸಣ್ಣ ಕಣ್ಣಿನ ಪರದೆ ಕಟ್ಟಿದ ಡಬ್ಬಿಯಲ್ಲಿ ಇಟ್ಟಿದ್ದರೆ ಇವು ಹೊರಗೆ ಬಂದು ನಿಮಗೆ ಕೆಲಸ ಮಾಡುತ್ತಿದ್ದವು ಅಜ್ಜಿ," ಅಂದಳು. ಅವನ್ನೂ ಸುಟ್ಟಿದ್ವಿ. ಆವಾಗ ತಿಳಿದಿರಲಿಲ್ಲ, ತಿಳಿದಿದ್ರೂ ಅವತ್ತು ಸುಡತಿದ್ದೆ. ಆಕಿ ಪೆಟ್ಟಿಗ್ಯಾಗ ನಾಕು ಗೀಟಿನ ನೊಣದ ಕೆಳಗ ತಳಕಲ್ ಅಂತ ಚೀಟಿ ಹಚ್ಚಿದ್ದಳು. ನಮ್ಮ ಊರು ಯಾವುದಕ್ಕ ಹೆಸರಾತು ನೋಡು ಅಂದೆ.

ಕುರಿಯಾತನ್ನ ಇನ್ನೊಮ್ಮೆ ಕಂಡೆ. ಹಳ್ಳದ ದಂಡಿ ಹಿಡದು ಹಿಂಡು ಹೊಡಕೊಂಡು ಹೊಂಟಿದ್ದ, ಎರಡು ಹೊಸ ಮರಿ ಹೆಗಲ ಮ್ಯಾಲ. ನಮ್ಮ ಹೊಲದಾಗ ಕುಂದ್ರಸು ಬಾ ಅಂತ ಕೂಗಿದೆ. ಕೇಳಿತ್ತು. ಕೈ ಎತ್ತಿದ, ನಿಂದ್ರಲಿಲ್ಲ.

ಮುಂದಿನ ಬೆಳಿಗೆ ಯಜಮಾನನ ಹೆಂಡತಿ ಚಂದ್ರಿಕಿ ಕೇಳಾಕ ಬಂದಳು. ಅವರವು ಎಲ್ಲಾ ಬೂದಿಯಾಗಿದ್ದವಲ್ಲ. ನಮ್ಮ ಹುಳ ಆಗಷ್ಟ ಕಟ್ಟಿ ಮುಗಿಸಿದ್ದವು. ಗೂಡು ಬಿಡಿಸಿದ ಮ್ಯಾಲ ಸೊಸಿ ಎಂದಿನಂಗ ನೂಲು ಉಳಿಸಿದ್ದಳು. ನಾನು ಕುಂತು ಒಂದೊಂದ ಎಳಿ ಕಿತ್ತೆ. ಬ್ಲೀಚಿಂಗ್ ನೀರಾಗ ಅದ್ದಿ ತಿಕ್ಕಿ, ಬಿಸಿಲಿಗೆ ಹಾಕಿ, ಮಡಚಿ ಆಕಿ ಮುಂದ ಇಟ್ಟೆ.

ಆಕಿ ಬಿಚ್ಚಿ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಒಂದೆಳಿನೂ ಬಿಟ್ಟಿಲ್ಲಲ್ಲ ಯಮ್ಮಾ."

"ಬಿಟ್ಟಿಲ್ಲ," ಅಂದೆ.

ಆಕಿ ಸಿಂಬಿ ಸುತ್ತಿ ತಲಿ ಮ್ಯಾಲ ಇಟ್ಕೊಂಡು, ಅವನ್ನ ಹೊತ್ತು ನಡದಳು.